ಎರಡು ಗುಂಪುಗಳು ಎದುರಾದಾಗ ಕ್ರೈಸ್ತನು ನಿಲ್ಲತಕ್ಕ ಸ್ಥಳ

ಪಾಠಭಾಗ: ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯ, 23ನೆಯ ವಚನದಿಂದ 41ರ ವರೆಗೆ. ಸಭೆಯಲ್ಲಿ ಒಬ್ಬರು ಇದನ್ನು ಗಟ್ಟಿಯಾಗಿ ಓದಿದ ಮೇಲೆ ಈ ಪಾಠವನ್ನು ಆರಂಭಿಸಬೇಕು.



ಕೆಂಡದ ಮೇಲೆ ಬೂದಿ ಮುಚ್ಚಿದ್ದರೆ ಅದು ಆರಿಹೋಯಿತೆಂದು ಕಾಣುವದು. ಗಾಳಿ ಬೀಸಿದಾಗಲೇ ಒಳಗಿನ ಬೆಂಕಿ ತಿಳಿಯುವದು. ನಮ್ಮ ಊರಿನ ಹೆಸರಿನಲ್ಲಿಯೇ ಬೂದಿಯಿರುವದರಿಂದ ಈ ಮಾತು ಬೂದಿಕೋಟೆಯವರಿಗೆ ಬೇಗನೆ ಅರ್ಥವಾಗುವದು. ಇಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಂಬ ನಾಲ್ಕು ಭಾಷೆಗಳನ್ನಾಡುವವರು ಒಂದೇ ಸಂತೆಯಲ್ಲಿ ಕೊಟ್ಟು ಕೊಳ್ಳುತ್ತಾರೆ. ಒಂದೇ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ ಬರುತ್ತಾರೆ. ವರುಷದಲ್ಲಿ ಮುನ್ನೂರ ಅರುವತ್ತು ದಿವಸ ಇವರಲ್ಲಿ ಯಾವ ವ್ಯಾಜ್ಯವೂ ಇಲ್ಲ. ಆದರೆ ಯಾವದೋ ಒಂದು ಸಮಾವೇಶ ಕೂಡಿ, ಒಂದು ಕಡೆಯವರು ಜಯಘೋಷ ಮಾಡುವಾಗ, ರಸ್ತೆಯ ಆಚೆಯಲ್ಲಿ ಇನ್ನೊಂದು ಕಡೆಯವರು ಧಿಕ್ಕಾರ ಕೂಗುವದಕ್ಕೆ ನಿಂತರೆಂದರೆ, ನಿನ್ನೆಯ ವರೆಗೆ ಒಬ್ಬರಿಗೊಬ್ಬರು ಬೀಡಿಗೆ ಬೆಂಕಿ ಕೊಟ್ಟವರೇ ಕಲ್ಲನ್ನು ಹುಡುಕುತ್ತಾರೆ.

ನಮ್ಮ ಸಭೆಗಳ ಯೌವನಸ್ಥರು ಸಭಾಪಾಲಕರನ್ನು ಈ ವಿಷಯವಾಗಿ ಕೇಳುವದುಂಟು. “ಅಯ್ಯನವರೇ, ಮೆರವಣಿಗೆಗೆ ಹೋಗಬಹುದೋ, ಹೋಗಬಾರದೋ?” ಹೋಗಬಾರದೆಂದು ಒಂದೇ ಮಾತಿನಲ್ಲಿ ಹೇಳಿಬಿಡುವದು ಸುಲಭ. ಆದರೆ ಅದು ಸತ್ಯವಾದ ಉತ್ತರವಲ್ಲ. ಹೋಗಲಿ ಎಂದು ಸುಮ್ಮನೆ ಬಿಡುವದೂ ಕುರುಬನ ಕೆಲಸವಲ್ಲ. ಆದದರಿಂದ ಈ ತಿಂಗಳಿನ ಪಾಠದಲ್ಲಿ ದೇವರ ವಾಕ್ಯವನ್ನು ಮುಂದಿಟ್ಟುಕೊಂಡು, ನಮ್ಮ ನಾಡಿನಲ್ಲಿ ನಡೆದ ಸಂಗತಿಗಳನ್ನು ಅದರ ಪಕ್ಕದಲ್ಲಿ ಇಟ್ಟು ವಿಚಾರಿಸೋಣ.

1. ಎಫೆಸದ ಗದ್ದಲವು ಹೇಗೆ ಹುಟ್ಟಿತು

ಎಫೆಸ ಪಟ್ಟಣದಲ್ಲಿ ದೇಮೇತ್ರಿಯನೆಂಬ ಅಕ್ಕಸಾಲಿಗನಿದ್ದನು. ಅವನು ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದನು. ಪೌಲನ ಬೋಧನೆಯಿಂದ ವ್ಯಾಪಾರ ಕಡಿಮೆಯಾಗುವದೆಂದು ಕಂಡು ಅವನು ತನ್ನ ಕಸಬಿನವರನ್ನೆಲ್ಲಾ ಕೂಡಿಸಿದನು. ಅವನು ಮೊದಲು ಹೇಳಿದ್ದು ಲಾಭದ ಮಾತು. ಆಮೇಲೆ ಹೇಳಿದ್ದು ದೇವಿಯ ಮಾನದ ಮಾತು. ಈ ಎರಡರ ಕ್ರಮವನ್ನು ಗಮನಿಸಿರಿ. ಒಳಗಿನ ಕೋಣೆಯಲ್ಲಿ ಲಾಭನಷ್ಟದ ಲೆಕ್ಕ ನಡೆಯಿತು. ಬೀದಿಗೆ ಬಂದಾಗ ದೇವಿಯ ಹೆಸರು ಮಾತ್ರ ಕೇಳಿಸಿತು. ಬೀದಿಯಲ್ಲಿ ಕೂಗಿದ ಸಾವಿರಾರು ಜನರಲ್ಲಿ ಒಳಗಿನ ಕೋಣೆಯ ಮಾತನ್ನು ಕೇಳಿದವರು ಎಷ್ಟು ಮಂದಿ?

ಲೂಕನು 32ನೆಯ ವಚನದಲ್ಲಿ ಬರೆದಿರುವ ಸಂಗತಿಯನ್ನು ಬೆರಳಿಟ್ಟು ಓದಿರಿ. ನಾಟಕಶಾಲೆಯಲ್ಲಿ ಕೂಡಿದವರಲ್ಲಿ ಕೆಲವರು ಒಂದು ವಿಧವಾಗಿಯೂ ಕೆಲವರು ಮತ್ತೊಂದು ವಿಧವಾಗಿಯೂ ಕೂಗುತ್ತಿದ್ದರು. ತಾವು ಯಾಕೆ ಕೂಡಿದ್ದೇವೆಂಬದು ಅವರಲ್ಲಿ ಬಹು ಮಂದಿಗೆ ಗೊತ್ತೇ ಇರಲಿಲ್ಲ. ಗುಂಪಿನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಆ ನಡುವೆ ಅಲೆಕ್ಸಾಂದ್ರನೆಂಬವನು ಕೈಸನ್ನೆ ಮಾಡಿ ಪ್ರತಿವಾದ ಹೇಳುವದಕ್ಕೆ ಎದ್ದು ನಿಂತನು. ಅವನು ಏನು ಹೇಳಬೇಕೆಂದಿದ್ದನೋ ನಮಗೆ ತಿಳಿಯದು. ಯಾಕಂದರೆ ಅವನು ಯೆಹೂದ್ಯನೆಂದು ಗೊತ್ತಾದ ಕ್ಷಣವೇ ಜನರು ಎರಡು ತಾಸು ಒಂದೇ ಸಮನೆ ಕೂಗಿ ಅವನ ಬಾಯಿ ಮುಚ್ಚಿಸಿದರು. ಅವನ ಮಾತನ್ನು ಯಾರೂ ತೂಗಿ ನೋಡಲಿಲ್ಲ. ಅವನ ಕುಲವನ್ನು ಮಾತ್ರ ನೋಡಿದರು.

ಹೀಗೆ ಕೂಡಿಸುವ ಕೆಲಸ ಈಗ ಇನ್ನೂ ಸುಲಭವಾಗಿದೆ. ದೇಮೇತ್ರಿಯನು ಕಸಬುದಾರರನ್ನು ಕರೆದು ಕೂಡಿಸಬೇಕಾಯಿತು. ಈಗಲಾದರೋ ಕೈಯಲ್ಲಿರುವ ಫೋನಿಗೆ ಒಂದು ಸುದ್ದಿ ಬಂದರೆ ಸಾಕು, ಅದು ನಿಜವೋ ಸುಳ್ಳೋ ಎಂದು ಕೇಳುವದಕ್ಕೆ ಮೊದಲೇ ನೂರು ಮಂದಿಗೆ ಮುಟ್ಟಿರುತ್ತದೆ. ಅದಲ್ಲದೆ ಹಳ್ಳಿಗೆ ಲಾರಿಯೋ ಟ್ರಾಕ್ಟರೋ ಬಂದು, ಊಟವನ್ನೂ ಒಂದು ದಿನದ ಕೂಲಿಯನ್ನೂ ಕೊಡುತ್ತೇವೆಂದು ಹೇಳಿ ಜನರನ್ನು ತುಂಬಿಕೊಂಡು ಹೋಗುವ ವಾಡಿಕೆಯನ್ನು ನಾವೆಲ್ಲರೂ ಬಲ್ಲೆವು. ಕೂಲಿ ಕೊಟ್ಟವನು ಕೂಗೆಂದದ್ದನ್ನು ಕೂಗುವವನಿಗೂ, ಎಫೆಸದ ನಾಟಕಶಾಲೆಯಲ್ಲಿ ಕಾರಣ ತಿಳಿಯದೆ ಕೂಗಿದವನಿಗೂ ಏನು ಭೇದ?

2. ಮಡಿಕೇರಿಯಲ್ಲಿ ನಡೆದದ್ದು

ಬೂದಿಕೋಟೆಯು ಹೈದರಾಲಿಯು ಹುಟ್ಟಿದ ಊರೆಂಬದು ನಮ್ಮ ಮಕ್ಕಳಿಗೂ ಗೊತ್ತು. ಅವನ ತಂದೆಯಾದ ಫತೇ ಮಹಮ್ಮದನ ಗೋರಿಯು ಕೋಲಾರದಲ್ಲಿದೆ. ಅವನ ಮಗನಾದ ಟೀಪುವಿನ ಹೆಸರಿನಲ್ಲಿ ನಡೆದ ಗಲಭೆಯು ನಮಗೆ ದೂರದ ಸುದ್ದಿಯಲ್ಲ.

2015ನೆಯ ವರುಷ ನವೆಂಬರ್ 10ರಂದು ಕರ್ನಾಟಕ ಸರಕಾರವು ಮೊದಲನೆಯ ಸಾರಿ ಟೀಪು ಜಯಂತಿಯನ್ನು ಆಚರಿಸಿತು. ಕೊಡಗಿನಲ್ಲಿ ಅನೇಕರು ಇದನ್ನು ವಿರೋಧಿಸಿ ಬಂದ್ ಮಾಡಬೇಕೆಂದು ಕರೆಕೊಟ್ಟರು. ಆಚರಿಸುವವರೂ ಮಡಿಕೇರಿಗೆ ಬಂದರು, ವಿರೋಧಿಸುವವರೂ ಬಂದರು. ಎರಡು ಗುಂಪುಗಳು ಒಂದೇ ಪಟ್ಟಣದಲ್ಲಿ ಎದುರಾದವು. ಕೂಗಿಗೆ ಕೂಗು ಸೇರಿತು; ಕಲ್ಲುಗಳು ಬಿದ್ದವು; ಪೊಲೀಸರು ಲಾಠಿ ಬೀಸಿದರು. ಆ ಗಲಭೆಯಲ್ಲಿ ವಿರೋಧಿಸುವವರ ಕಡೆಯ ಹಿರಿಯರೊಬ್ಬರು ಎತ್ತರದಿಂದ ಬಿದ್ದು ಸತ್ತರು. ಅದೇ ದಿನ ಗುಂಡೇಟು ತಗಲಿದ ಒಬ್ಬ ಮುಸಲ್ಮಾನ ಯುವಕನು ಆಮೇಲೆ ಆಸ್ಪತ್ರೆಯಲ್ಲಿ ಸತ್ತನು. ಜಯಂತಿಯ ಆಚರಣೆಯನ್ನು 2019ನೆಯ ಜುಲೈ 30ರಂದು ಬೇರೊಂದು ಸರಕಾರವು ರದ್ದುಮಾಡಿತು. ಆಚರಣೆಯನ್ನು ಒಂದು ಆಜ್ಞೆಯಿಂದ ಆರಂಭಿಸಬಹುದು, ಇನ್ನೊಂದು ಆಜ್ಞೆಯಿಂದ ನಿಲ್ಲಿಸಬಹುದು. ಆದರೆ ಆ ಎರಡು ಮನೆಗಳಿಂದ ಹೊರಟುಹೋದವರನ್ನು ಯಾವ ಆಜ್ಞೆಯು ಹಿಂದಕ್ಕೆ ತರುವದು?

ಈಗ ಎರಡು ಕಡೆಯವರ ಮನಸ್ಸನ್ನೂ ಅರಿತುಕೊಳ್ಳೋಣ. ಟೀಪುವನ್ನು ಗೌರವಿಸುವವರು, ಅವನು ಇಂಗ್ಲಿಷರೊಡನೆ ಹೋರಾಡಿ 1799ನೆಯ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಯುದ್ಧಭೂಮಿಯಲ್ಲಿಯೇ ಮಡಿದನೆಂದು ಹೇಳುತ್ತಾರೆ. ಮೈಸೂರು ಸೀಮೆಗೆ ರೇಷ್ಮೆಯನ್ನು ತಂದವನು ಅವನೆನ್ನುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳ ಮೇಯಿಸಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಕೋಲಾರ ಸೀಮೆಯಲ್ಲಿ ಎಷ್ಟೋ ಇವೆ. ಮರಾಠರ ದಂಡು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ ಅವನು ಸ್ವಾಮಿಗಳಿಗೆ ಸಹಾಯಮಾಡಿ ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ವಿರೋಧಿಸುವವರು, ಕೊಡಗಿನ ಮೇಲೆ ಅವನು ನಡಿಸಿದ ದಂಡಯಾತ್ರೆಗಳನ್ನೂ, ಸೆರೆಹೋದ ಕುಟುಂಬಗಳನ್ನೂ, ಬಲವಂತದ ಮತಾಂತರವನ್ನೂ ನೆನಸುತ್ತಾರೆ. ಅವರ ಅಜ್ಜಂದಿರು ಹೇಳಿದ ಕಥೆಗಳು ಅವರ ಮನೆಗಳಲ್ಲಿ ಇನ್ನೂ ಜೀವದಿಂದಿವೆ.

ಕ್ರೈಸ್ತರಾದ ನಮಗೂ ಇದರಲ್ಲಿ ಒಂದು ಪಾಲಿದೆ. 1784ನೆಯ ವರುಷದಲ್ಲಿ ಟೀಪುವು ಮಂಗಳೂರು ಸೀಮೆಯ ಕಥೋಲಿಕ ಕ್ರೈಸ್ತರನ್ನು ಹಿಡಿದು, ಅವರ ಗುಡಿಗಳನ್ನು ಕೆಡವಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು. ದಾರಿಯಲ್ಲಿ ಸತ್ತವರೂ, ಸೆರೆಯಲ್ಲಿ ಸತ್ತವರೂ ಬಹಳ. ಉಳಿದವರು ಟೀಪುವಿನ ಮರಣದ ಮೇಲೆಯೇ ಊರಿಗೆ ತಿರುಗಿದರು. ಇದು ಬರೀ ಮಾತಲ್ಲ, ನಡೆದ ಸಂಗತಿ. ಆದದರಿಂದ ಯಾರಾದರೂ ನಮ್ಮ ಬಳಿಗೆ ಬಂದು, “ನಿಮ್ಮವರಿಗೂ ಅವನು ಕೇಡು ಮಾಡಲಿಲ್ಲವೋ? ನಮ್ಮ ಸಂಗಡ ಬಂದು ಕೂಗಿರಿ” ಎಂದು ಕರೆಯುವದುಂಟು. ಆಗ ನಾವು ಏನು ಹೇಳಬೇಕು?

ನಡೆದದ್ದನ್ನು ನಡೆದಿಲ್ಲವೆಂದು ಹೇಳಬೇಕಾಗಿಲ್ಲ. ಸತ್ಯವನ್ನು ಮುಚ್ಚಿಟ್ಟು ಸಮಾಧಾನ ಮಾಡುವದು ಕೆಂಡದ ಮೇಲೆ ಬೂದಿ ಎರಚಿದ ಹಾಗೆ. ಆದರೆ ಕೇಡು ಮಾಡಿದವನು ಸತ್ತು ಇನ್ನೂರು ವರುಷಗಳ ಮೇಲಾಯಿತು. ಇಂದು ನಮ್ಮ ಪಕ್ಕದ ಬೀದಿಯಲ್ಲಿ ವಾಸಿಸುವ ಮುಸಲ್ಮಾನನು ಯಾವ ಕ್ರೈಸ್ತನನ್ನೂ ಸೆರೆ ಒಯ್ಯಲಿಲ್ಲ. ಅವನ ಅಂಗಡಿಯ ಮುಂದೆ ನಿಂತು ಹಳೆಯ ಗಾಯವನ್ನು ಕೂಗುವದರಿಂದ ಸತ್ತವರಿಗೆ ನ್ಯಾಯ ಸಿಕ್ಕುವದಿಲ್ಲ, ಬದುಕಿರುವವನಿಗೆ ಅನ್ಯಾಯವಾಗುವದು. ಪಾಠದ ಪುಸ್ತಕದಲ್ಲಿಯೂ, ಸಭೆಯ ಚರಿತ್ರೆಯಲ್ಲಿಯೂ, ನೆರೆಯವನೊಡನೆ ಜಗಲಿಯ ಮೇಲೆ ಕೂತು ಆಡುವ ಮಾತಿನಲ್ಲಿಯೂ ಸತ್ಯವನ್ನು ಹೇಳುವದಕ್ಕೆ ಸ್ಥಳವುಂಟು. ಎರಡು ಗುಂಪುಗಳು ಎದುರುಬದುರಾಗಿರುವ ರಸ್ತೆಯಲ್ಲಿ ಆ ಸತ್ಯವು ಕಲ್ಲಾಗಿಬಿಡುವದು.

3. ಒಂದು ಬಾಟಲಿ ಮಸಿ

ಭಾಷೆಯ ವಿಷಯದಲ್ಲಿಯೂ ಇಂಥದೇ ನಡೆಯುವದೆಂಬದಕ್ಕೆ ಬೆಳಗಾವಿಯು ದೃಷ್ಟಾಂತವಾಗಿದೆ. 1956ನೆಯ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದೇ ರಾಜ್ಯವಾಗಿ ಕೂಡಿದವು. ಪ್ರತಿ ವರುಷ ಆ ದಿನದಲ್ಲಿ ಬೆಳಗಾವಿಯ ಕನ್ನಡಿಗರು ಧ್ವಜ ಹಿಡಿದು ದೊಡ್ಡ ಮೆರವಣಿಗೆ ಮಾಡುತ್ತಾರೆ. ಅದೇ ದಿನ, ಬೆಳಗಾವಿಯು ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನವೆಂದು ಕಪ್ಪು ಬಟ್ಟೆ ಧರಿಸಿ ಬೇರೆ ಮೆರವಣಿಗೆ ಮಾಡುತ್ತಾ ಬಂದಿದ್ದಾರೆ. ಒಂದೇ ಪಟ್ಟಣ, ಒಂದೇ ದಿನ. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ದುಃಖ. ಇವೆರಡೂ ಒಂದನ್ನೊಂದು ಮುಟ್ಟದಂತೆ ಕಾಯುವದೇ ಆ ದಿನ ಅಧಿಕಾರಿಗಳ ದೊಡ್ಡ ಕೆಲಸ.

2006ರಿಂದ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನಗಳು ನಡೆಯಲಾರಂಭಿಸಿದಾಗ, ಸಮಿತಿಯವರು ಅದಕ್ಕೆ ಎದುರಾಗಿ ಮಹಾಮೇಳಾವವೆಂಬ ಸಮಾವೇಶವನ್ನು ನಡಿಸತೊಡಗಿದರು. 2021ನೆಯ ದಶಂಬರ 13ರಂದು ಇಂಥ ಸಮಾವೇಶದ ಸ್ಥಳದಲ್ಲಿ ಸಮಿತಿಯ ಮುಖಂಡರೊಬ್ಬರ ಮುಖಕ್ಕೆ ಮಸಿ ಬಳಿಯಲಾಯಿತು. ಆ ಮಸಿಯ ದಾರಿಯನ್ನು ನೋಡಿರಿ. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿದ್ದ ಶಿವಾಜಿಯ ಪ್ರತಿಮೆಗೆ ಮಸಿ ಬಿದ್ದಿತು. ಅದರ ಬೆನ್ನಲ್ಲಿಯೇ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಕೆಡಿಸಿದರು. ವಾಹನಗಳ ಮೇಲೆ ಕಲ್ಲು ಬಿದ್ದವು. ಪಟ್ಟಣದಲ್ಲಿ ನಿಷೇಧಾಜ್ಞೆ ಹೊರಟಿತು. ರಾಜ್ಯವೆಲ್ಲಾ ಬಂದ್ ಆಗಬೇಕೆಂಬ ಕರೆ ಹುಟ್ಟಿ, ಕಡೆಗೆ ಅದನ್ನು ಹಿಂತೆಗೆದುಕೊಂಡರು. ಶಿವಾಜಿಯಾಗಲಿ ರಾಯಣ್ಣನಾಗಲಿ ಒಬ್ಬರಿಗೊಬ್ಬರು ವೈರಿಗಳಾಗಿರಲಿಲ್ಲ. ಅವರು ಬದುಕಿದ ಕಾಲಗಳೇ ಬೇರೆ. ಸತ್ತ ಶೂರರನ್ನು ಬದುಕಿರುವವರು ಜಗಳಕ್ಕೆ ಹಚ್ಚಿದರು.

ಯಾಕೋಬನು ತನ್ನ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಸಣ್ಣ ಕಿಡಿಯು ದೊಡ್ಡ ಕಾಡನ್ನು ಸುಡುವ ಸಂಗತಿಯನ್ನು ನಾಲಿಗೆಗೆ ಹೋಲಿಸಿದ್ದಾನೆ. ಮಸಿ ಎರಚಿದವನು ತಾನು ಒಬ್ಬನ ಮುಖಕ್ಕೆ ಮಾತ್ರ ಎರಚಿದೆನೆಂದು ನೆನಸಿದ್ದಿರಬಹುದು. ಗುಂಪಿನೊಳಗೆ ಒಬ್ಬನ ಕೈ ಒಬ್ಬನಲ್ಲಿಯೇ ನಿಲ್ಲುವದಿಲ್ಲ.

4. ನೆಲದ ಕಾನೂನು ಏನು ಹೇಳುವದು

ಭಾರತದ ಸಂವಿಧಾನವು ತನ್ನ 19ನೆಯ ಅನುಚ್ಛೇದದಲ್ಲಿ, ಆಯುಧವಿಲ್ಲದೆ ಶಾಂತವಾಗಿ ಕೂಡುವ ಹಕ್ಕನ್ನು ಪ್ರಜೆಗಳೆಲ್ಲರಿಗೂ ಕೊಟ್ಟಿದೆ. ನಮ್ಮ ಪಾಠವೂ 19ನೆಯ ಅಧ್ಯಾಯವೇ ಆದದರಿಂದ ನೆನಪಿಡುವದು ಕಷ್ಟವಲ್ಲ. ಸರಕಾರದ ಒಂದು ಕಾರ್ಯವು ತಪ್ಪೆಂದು ಕಂಡರೆ ಹಾಗೆ ಹೇಳುವದಕ್ಕೆ ಬೀದಿಯಲ್ಲಿ ನಿಲ್ಲುವದು ಪಾಪವಲ್ಲ. ಹಾಗೆಯೇ, ನಾವು ತಪ್ಪೆಂದದ್ದನ್ನು ಸರಿಯೆನ್ನುವವನಿಗೂ ಅದೇ ಹಕ್ಕಿದೆ. ನಮ್ಮ ಬಾಯಿಗೆ ಸ್ವಾತಂತ್ರ್ಯ ಬೇಕೆಂದು ಕೇಳಿ ಅವನ ಬಾಯಿಗೆ ಬಟ್ಟೆ ತುರುಕುವದು ನ್ಯಾಯವಲ್ಲ.

ಆದರೆ ಇನ್ನೊಂದು ಮಾತನ್ನೂ ಯೌವನಸ್ಥರು ತಿಳಿದಿರಬೇಕು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 189ನೆಯ ಕಲಮಿನ ಪ್ರಕಾರ, ಬಲಾತ್ಕಾರವೇ ಮುಂತಾದ ಅಕ್ರಮ ಉದ್ದೇಶದಿಂದ ಐದು ಮಂದಿಯಾಗಲಿ ಹೆಚ್ಚಾಗಲಿ ಕೂಡಿದರೆ ಅದು ಅಕ್ರಮಕೂಟವೆನಿಸುವದು. 190ನೆಯ ಕಲಮಿನ ಪ್ರಕಾರ, ಆ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬನು ಮಾಡಿದ ಅಪರಾಧಕ್ಕೆ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಪ್ರತಿಯೊಬ್ಬನೂ ಅಪರಾಧಿಯಾಗುವನು. ಹಳೆಯ ದಂಡಸಂಹಿತೆಯಲ್ಲಿಯೂ ಇದೇ ನಿಯಮವಿತ್ತು. “ನಾನು ಕಲ್ಲು ಎಸೆಯಲಿಲ್ಲ, ಅವನ ಪಕ್ಕದಲ್ಲಿ ನಿಂತಿದ್ದೆನಷ್ಟೇ” ಎಂಬ ಮಾತಿನಿಂದ ಯಾವಾಗಲೂ ಬಿಡುಗಡೆಯಾಗದು. ಲಾರಿಯಲ್ಲಿ ತುಂಬಿಕೊಂಡು ಹೋದ ಮುಖಂಡನಿಗೆ ವಕೀಲನಿರುತ್ತಾನೆ. ಕೂಲಿಯವನ ಮಗನಿಗೆ ಬಂಗಾರಪೇಟೆಗೂ ಕೋಲಾರಕ್ಕೂ ಕೋರ್ಟಿನ ತಾರೀಖಿಗೆ ತಿರುಗುವ ಬಸ್ಸಿನ ಹಣವೂ ಕೈಯಿಂದಲೇ. ತಾಯಿಯ ಕಿವಿಯ ಓಲೆ ಅಡವಿಗೆ ಹೋಗುವದು ಇಂಥ ದಿನಗಳಲ್ಲಿಯೇ.

ಎಫೆಸದ ಪಟ್ಟಣದ ಯಜಮಾನನೂ ಹೇಳಿದ್ದು ಇದನ್ನೇ. ದೇಮೇತ್ರಿಯನಿಗೆ ವ್ಯಾಜ್ಯವಿದ್ದರೆ ನ್ಯಾಯಸ್ಥಾನಗಳು ತೆರೆದಿವೆ, ಅಧಿಪತಿಗಳಿದ್ದಾರೆ. ಇನ್ನು ಬೇರೆ ವಿಷಯವಿದ್ದರೆ ನಿಯಮಾನುಸಾರವಾದ ಸಭೆಯಲ್ಲಿ ತೀರಿಸಬೇಕು. ಈ ದಿನದ ಗದ್ದಲಕ್ಕೆ ಕಾರಣವೇನೆಂದು ಮೇಲಿನವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲವೆಂದು ಅವನು ಎಚ್ಚರಿಸಿದನು. ಅವನು ವಿಶ್ವಾಸಿಯಲ್ಲ, ಆದರೂ ದೇವರು ಅವನ ಬುದ್ಧಿಯ ಮಾತಿನಿಂದ ಆ ದಿನ ಅಪೊಸ್ತಲನ ಜೊತೆಯವರನ್ನು ಕಾಪಾಡಿದನು. ಶಾಂತಿಯನ್ನು ಕಾಯುವ ಅಧಿಕಾರಿಗಾಗಿ ಪ್ರಾರ್ಥಿಸತಕ್ಕದ್ದು ಯಾಕೆಂಬದಕ್ಕೆ ಇದೂ ಒಂದು ಕಾರಣ.

5. ಕ್ರೈಸ್ತನು ಮಾಡತಕ್ಕ ನಾಲ್ಕು ಕಾರ್ಯಗಳು

ಮೊದಲನೆಯದು, ಯಾಕೆ ಹೋಗುತ್ತೇನೆಂದು ತಿಳಿದು ಹೋಗುವದು. ಯಾರು ಕರೆದರು, ಏನು ಕೇಳುವದಕ್ಕೆ ಕರೆದರು, ಯಾವ ಅಧಿಕಾರಿಯು ಅದನ್ನು ಕೊಡಬಲ್ಲನು ಎಂಬ ಈ ಮೂರು ಪ್ರಶ್ನೆಗಳಿಗೆ ಮನೆಯ ಹೊಸ್ತಿಲಿನಲ್ಲಿಯೇ ಉತ್ತರ ಹೇಳಲಾರದವನು ಹೊಸ್ತಿಲು ದಾಟದಿರುವದೇ ಒಳ್ಳೇದು. ಇದನ್ನು ತಂದೆತಾಯಿಗಳು ಸಿಟ್ಟಿನಿಂದಲ್ಲ, ಅಕ್ಕರೆಯಿಂದ ಕೇಳಲಿ.

ಎರಡನೆಯದು, ಎದುರು ಕಡೆಯವನ ದುಃಖವನ್ನು ಅವನೇ ಒಪ್ಪುವ ಹಾಗೆ ಹೇಳುವದಕ್ಕೆ ಕಲಿಯುವದು. ನಮ್ಮ ಜಿಲ್ಲೆಯ ನೀರಿನ ಹೋರಾಟವನ್ನೇ ತೆಗೆದುಕೊಳ್ಳಿರಿ. ಕೋಲಾರದಲ್ಲಿ ವರುಷವೆಲ್ಲಾ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ನೀರು ಬಾರದ ಊರುಗಳನ್ನು ಬಲ್ಲೆವು. ಅದಕ್ಕಾಗಿ ನಮ್ಮ ರೈತರು 2016ನೆಯ ಮಾರ್ಚಿನಲ್ಲಿ ಟ್ರಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತರುವ ಯೋಜನೆಗೆ 2014ರಲ್ಲಿ ಕಲ್ಲು ಹಾಕಿದಾಗ ನಾವು ಸಂತೋಷಪಟ್ಟೆವು. ಆದರೆ ದಕ್ಷಿಣ ಕನ್ನಡದವರು ಅದೇ ಯೋಜನೆಯ ವಿರುದ್ಧ ಬಂದ್ ಮಾಡಿದರು. ಹೊಳೆಯು ಬಡವಾದರೆ ನೇತ್ರಾವತಿಯೂ ಕಾಡೂ ಮೀನೂ ಏನಾಗುವವೆಂದು ಅವರ ಭಯ. ಅವರು ನಮ್ಮ ಶತ್ರುಗಳೋ? ಅವರ ಹೊಳೆ ಅವರಿಗೆ ತಾಯಿ. ನಮ್ಮ ಒಣ ಕೆರೆ ನಮಗೆ ತಾಯಿ. ಅವರ ಭಯವನ್ನು ಸರಿಯಾಗಿ ಹೇಳಬಲ್ಲ ಕೋಲಾರದವನ ಬಾಯಿಂದ ಬಂದರೆ ನಮ್ಮ ಬಾಯಾರಿಕೆಯ ಮಾತಿಗೂ ತೂಕ ಹೆಚ್ಚುವದು.

ಮೂರನೆಯದು, ನಾಲಿಗೆಯನ್ನು ಕಾಯುವದು. ಪಟ್ಟಣದ ಯಜಮಾನನು ಪೌಲನ ಜೊತೆಗಾರರ ವಿಷಯವಾಗಿ ಕೊಟ್ಟ ಸಾಕ್ಷಿಯನ್ನು 37ನೆಯ ವಚನದಲ್ಲಿ ನೋಡಿರಿ. ಅವರು ಗುಡಿಯನ್ನು ಕದಿಯಲಿಲ್ಲ, ದೇವಿಯನ್ನು ದೂಷಿಸಲೂ ಇಲ್ಲವೆಂದು ಅನ್ಯನೊಬ್ಬನು ಬಹಿರಂಗವಾಗಿ ಹೇಳಿದನು. ಪೌಲನು ಆ ಪಟ್ಟಣದಲ್ಲಿ ಎರಡು ವರುಷಗಳಿಗಿಂತ ಹೆಚ್ಚಾಗಿ ಸುವಾರ್ತೆಯನ್ನು ಸಾರಿದ್ದನು. ಕೈಯಿಂದ ಮಾಡಿದವುಗಳು ದೇವರಲ್ಲವೆಂದು ಹೇಳಿಯೂ ಇದ್ದನು. ಆದರೂ ನೆರೆಯವನಿಗೆ ಪ್ರಿಯವಾದದ್ದನ್ನು ಬೈದು ಅವನ ಮನಸ್ಸನ್ನು ಸುಡಲಿಲ್ಲ. ನಮ್ಮ ಹಳ್ಳಿಯ ಪಟೇಲನಾಗಲಿ ಪಂಚಾಯಿತಿಯ ಅಧ್ಯಕ್ಷನಾಗಲಿ ನಮ್ಮ ಸಭೆಯವರ ವಿಷಯವಾಗಿ ಇಂಥ ಸಾಕ್ಷಿಯನ್ನು ಕೊಡಬಲ್ಲನೋ? ಗದ್ದಲದ ದಿನದಲ್ಲಿ ಕೆಲಸಕ್ಕೆ ಬರುವ ಸಾಕ್ಷಿಯನ್ನು ಶಾಂತಿಯ ದಿನಗಳಲ್ಲಿಯೇ ಸಂಪಾದಿಸಬೇಕು.

ನಾಲ್ಕನೆಯದು, ಸಭೆಯವರ ಬುದ್ಧಿವಾದಕ್ಕೆ ಕಿವಿಗೊಡುವದು. ಪೌಲನು ಜನರೊಳಗೆ ಹೋಗಬೇಕೆಂದಿದ್ದನು. ಅವನಿಗೆ ಧೈರ್ಯ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆದರೂ ಶಿಷ್ಯರು ಅವನನ್ನು ಬಿಡಲಿಲ್ಲ. ಅವನಿಗೆ ಸ್ನೇಹಿತರಾಗಿದ್ದ ಅಧಿಕಾರಿಗಳೂ ಬೇಡವೆಂದು ಹೇಳಿ ಕಳುಹಿಸಿದರು. ಅವನು ಕೇಳಿದನು. ಹಿರಿಯರ ಮಾತಿಗೆ ನಿಲ್ಲುವದು ಹೇಡಿತನವಾಗಿದ್ದರೆ ಪೌಲನು ಹೇಡಿಯಾಗುತ್ತಿದ್ದನು. ಗದ್ದಲವು ಶಾಂತವಾದ ಮೇಲೆ ಅವನು ಓಡಿಹೋಗದೆ, ಶಿಷ್ಯರನ್ನು ಕರೆಸಿ ಅವರನ್ನು ಧೈರ್ಯಪಡಿಸಿದ ನಂತರವೇ ಹೊರಟನೆಂದು ಮುಂದಿನ ಅಧ್ಯಾಯದ ಮೊದಲನೆಯ ವಚನದಿಂದ ತಿಳಿಯುವದು.

6. ಎರಡು ಧ್ವಜಗಳು ಒಂದು ಬಯಲಿನಲ್ಲಿ

ಎದುರಾದ ಎರಡು ಪಕ್ಷಗಳು ಎಂದಿಗೂ ಒಂದಾಗಲಾರವೆಂದು ನಿರಾಶೆಪಡಬೇಡಿರಿ. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜವನ್ನು ಏರಿಸುವದಕ್ಕಾಗಿ ಕೂಡಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಊರು ಆಗ ನಮ್ಮ ಕೋಲಾರ ಜಿಲ್ಲೆಗೆ ಸೇರಿತ್ತು. 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸತ್ತವರು 10 ಮಂದಿಯೆಂದು ಸರಕಾರದ ಲೆಕ್ಕ. 32 ಮಂದಿಯೆಂದು ಜನರ ಲೆಕ್ಕ. ಅಲ್ಲಿ ಎದುರಾದದ್ದು ಎರಡು ಮೆರವಣಿಗೆಗಳಲ್ಲ, ಜನರೂ ಸರಕಾರವೂ. ಆದರೆ ಜಗಳದ ಮೂಲವು, ಮೈಸೂರು ಸಂಸ್ಥಾನದಲ್ಲಿ ಯಾವ ಧ್ವಜ ಹಾರಬೇಕೆಂಬದೇ ಆಗಿತ್ತು.

ಆಗ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು, ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರೊಡನೆ ಕೂತು ಮಾತಾಡಿದರು. ಮುಂದಿನ ತಿಂಗಳಿನಲ್ಲಿಯೇ ಒಡಂಬಡಿಕೆಯಾಯಿತು: ಕಾಂಗ್ರೆಸ್ಸಿನ ಧ್ವಜವನ್ನೂ ಮೈಸೂರಿನ ಧ್ವಜವನ್ನೂ ಜೊತೆಯಲ್ಲಿಯೇ ಏರಿಸಬಹುದು. ಇಷ್ಟು ಸರಳವಾದ ಮಾತು ಗುಂಡು ಹಾರುವದಕ್ಕೆ ಮೊದಲೇ ಯಾರಿಗೂ ತೋಚಬಾರದಾಗಿತ್ತೋ? ತೋಚಿದ್ದರೂ ಕೂಗಾಟದಲ್ಲಿ ಕೇಳಿಸುತ್ತಿರಲಿಲ್ಲ. ಕೂತು ಮಾತಾಡಿದಾಗ ಕೇಳಿಸಿತು. ಆದರೆ ಸತ್ತವರು ಆ ಎರಡು ಧ್ವಜಗಳನ್ನು ಒಟ್ಟಿಗೆ ನೋಡಲಿಲ್ಲ.

ಪ್ರಿಯರೇ, ನಮ್ಮ ಚಿಕ್ಕ ಸಭೆಗಳಲ್ಲಿಯೂ ಬೇರೆ ಬೇರೆ ಪಕ್ಷಗಳಿಗೆ ಮತಕೊಡುವವರಿದ್ದಾರೆ. ಮನೆಯಲ್ಲಿ ತೆಲುಗಾಡುವವರೂ ತಮಿಳಾಡುವವರೂ ಕನ್ನಡದಲ್ಲಿಯೇ ಕೂಡಿ ಹಾಡುತ್ತಾರೆ. ಆದಿತ್ಯವಾರದಲ್ಲಿ ಒಂದೇ ರೊಟ್ಟಿಯಲ್ಲಿಯೂ ಒಂದೇ ಪಾತ್ರೆಯಲ್ಲಿಯೂ ಪಾಲುಹೊಂದಿದ ಇಬ್ಬರು, ಸೋಮವಾರದಲ್ಲಿ ರಸ್ತೆಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತರೆ ಏನು ಮಾಡಬೇಕು? ಒಬ್ಬನು ಇನ್ನೊಬ್ಬನನ್ನು ಕಂಡ ಕೂಡಲೇ ಹೆಸರು ಹಿಡಿದು ಕರೆಯಲಿ. ಗುಂಪಿಗೆ ಹೆಸರಿಲ್ಲ, ಮನುಷ್ಯನಿಗೆ ಹೆಸರುಂಟು. ಹೆಸರು ಹಿಡಿದು ಕರೆದವನ ಮೇಲೆ ಕಲ್ಲೆತ್ತುವದು ಕಷ್ಟ. ಹೀಗೆ ಎರಡು ಕಡೆಗಳಲ್ಲಿ ಒಬ್ಬೊಬ್ಬನಾದರೂ ಎದುರಿನವನ ಹೆಸರನ್ನು ಬಲ್ಲವನಿದ್ದರೆ, ನಡುವಿನ ರಸ್ತೆಯನ್ನು ದಾಟುವದಕ್ಕೆ ದಾರಿಯಾಗುವದು. ಕ್ರೈಸ್ತನು ನಿಲ್ಲತಕ್ಕ ಸ್ಥಳವು ಈ ಕಡೆಯೋ ಆ ಕಡೆಯೋ ಎಂದು ಕೇಳಿದವರಿಗೆ ನಮ್ಮ ಉತ್ತರವೇನಂದರೆ, ನ್ಯಾಯವೆಂದು ತಿಳಿದ ಕಡೆಯಲ್ಲಿ ನಿಲ್ಲು. ಆದರೆ ಎದುರು ಕಡೆಯವನ ಹೆಸರನ್ನು ಮರೆಯುವಷ್ಟು ದೂರದಲ್ಲಿ ಎಂದಿಗೂ ನಿಲ್ಲಬೇಡ. ಸಮಾಧಾನಪಡಿಸುವವರನ್ನು ಧನ್ಯರೆಂದು ಕರೆದ ಕರ್ತನು ತಾನೇ ಜನರ ಕೂಗಾಟದ ನಡುವೆ ಮೌನವಾಗಿ ನಿಂತನು. ತನಗೆ ವಿರೋಧವಾಗಿ ಕೂಗಿದವರಿಗಾಗಿಯೇ ಪ್ರಾರ್ಥಿಸಿದನು.

ಸಭೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ದೇಮೇತ್ರಿಯನು ಒಳಗೆ ಹೇಳಿದ ಮಾತಿಗೂ ಬೀದಿಯಲ್ಲಿ ಕೇಳಿಸಿದ ಕೂಗಿಗೂ ಇದ್ದ ವ್ಯತ್ಯಾಸವೇನು? ಇಂಥದನ್ನು ನಾವು ನಮ್ಮ ಸೀಮೆಯಲ್ಲಿ ಕಂಡದ್ದುಂಟೋ?

2. ಪೌಲನನ್ನು ಶಿಷ್ಯರು ತಡೆದಂತೆ, ನಮ್ಮನ್ನು ತಡೆಯಬಲ್ಲ ಸ್ನೇಹಿತರು ನಮಗಿದ್ದಾರೋ? ಅವರ ಮಾತನ್ನು ಕೇಳುತ್ತೇವೋ?

3. ನೀವು ಒಪ್ಪದ ಒಂದು ಪಕ್ಷದವರ ದುಃಖವನ್ನು, ಅವರೇ “ಹೌದು, ಇದೇ ನಮ್ಮ ಮಾತು” ಎನ್ನುವ ಹಾಗೆ ಹೇಳಿ ತೋರಿಸಿರಿ.

4. ಹಳೆಯ ಕಾಲದಲ್ಲಿ ನಮ್ಮವರಿಗಾದ ಅನ್ಯಾಯವನ್ನು ಸತ್ಯವಾಗಿಯೂ ಹಗೆಯಿಲ್ಲದೆಯೂ ಮಕ್ಕಳಿಗೆ ಹೇಳುವದು ಹೇಗೆ?

ಈ ತಿಂಗಳಿನ ಪ್ರಾರ್ಥನೆ: ನಮ್ಮ ಹೋಬಳಿಯ ಎಲ್ಲಾ ಮತದ ನೆರೆಯವರಿಗಾಗಿಯೂ, ಗಲಭೆಯ ದಿನಗಳಲ್ಲಿ ಬಿಸಿಲಿನಲ್ಲಿ ನಿಲ್ಲುವ ಪೊಲೀಸರಿಗಾಗಿಯೂ, ಕೋರ್ಟಿಗೆ ತಿರುಗುತ್ತಿರುವ ಯೌವನಸ್ಥರಿಗೂ ಅವರ ತಾಯಂದಿರಿಗಾಗಿಯೂ ಪ್ರಾರ್ಥಿಸೋಣ.